ಡಿಮೂಲಸ್ ಮನೆತನದ ದಿನಸಿ ವ್ಯಾಪಾರ: ಲೋವೆಲ್‌ನಿಂದ ಮಾರ್ಕೆಟ್ ಬ್ಯಾಸ್ಕೆಟ್‌ವರೆಗೆ

ಅಮೆರಿಕದ ಈಶಾನ್ಯ ಭಾಗದ ಆರು ರಾಜ್ಯಗಳನ್ನು ಒಟ್ಟಾಗಿ ನ್ಯೂ ಇಂಗ್ಲೆಂಡ್ ಎಂದು ಕರೆಯುವ ರೂಢಿಯಿದೆ. ಅವುಗಳಲ್ಲೊಂದಾದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ವಾಯವ್ಯಕ್ಕೆ, ಮೆರಿಮ್ಯಾಕ್ ನದಿಯ ದಂಡೆಯ ಮೇಲಿರುವ ಲೋವೆಲ್, 1820ರ ದಶಕದಲ್ಲಿ ಬಟ್ಟೆ ಗಿರಣಿಗಳಿಗಾಗಿಯೇ ಕಟ್ಟಿದ ಪಟ್ಟಣ. ನದಿಯ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ, ಅದರ ರಭಸದಿಂದ ಯಂತ್ರಗಳನ್ನು ಓಡಿಸುತ್ತಿದ್ದ ಆ ಗಿರಣಿಗಳಲ್ಲಿ ಮೊದಲು ದುಡಿದವರು ಸುತ್ತಲಿನ ರೈತಾಪಿ ಮನೆಗಳ ಹೆಣ್ಣುಮಕ್ಕಳು. ಅವರ ಬಳಿಕ ಐರ್ಲೆಂಡಿನವರು, ಕೆನಡಾದ ಫ್ರೆಂಚ್ ಭಾಷಿಕರು, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಗ್ರೀಸ್ ದೇಶದವರು ತಂಡತಂಡವಾಗಿ ಬಂದು ಅಲ್ಲಿ ನೆಲೆಯೂರಿದರು. ಏಕರ್ ಎಂದು ಹೆಸರಾದ ಬಡಕೂಲಿಕಾರರ ಕೇರಿಯು ಗ್ರೀಕರ ಕೇರಿಯೂ ಆಯಿತು. ಅಲ್ಲಿ ಅವರ ಚರ್ಚು, ಕಾಫಿ ಅಂಗಡಿಗಳು, ಮಾಂಸದಂಗಡಿಗಳು ಎದ್ದವು. ಗ್ರೀಸ್‌ನಿಂದ ವಲಸೆ ಬಂದಿದ್ದ ಅಥನೇಸಿಯೋಸ್ ಡಿಮೂಲಸ್ ಮತ್ತು ಅವನ ಪತ್ನಿ ಎಫ್ರೋಸಿನಿ 1917ರಲ್ಲಿ ಅದೇ ಕೇರಿಯ ಡಮ್ಮರ್ ಬೀದಿಯಲ್ಲಿ ತೆರೆದ ಸಣ್ಣ ಕಿರಾಣಿ ಅಂಗಡಿಯೇ, ಇಂದು ಮಾರ್ಕೆಟ್ ಬ್ಯಾಸ್ಕೆಟ್ ಎಂಬ ಹೆಸರಿನಲ್ಲಿ ನಾಲ್ಕು ರಾಜ್ಯಗಳಲ್ಲಿ ಹರಡಿರುವ ಸೂಪರ್ ಮಾರ್ಕೆಟ್ ಸರಣಿಯ ಮೂಲ.

ಆ ಅಂಗಡಿಯ ಹೆಚ್ಚುಗಾರಿಕೆ ತಾಜಾ ಕುರಿಮರಿ ಮಾಂಸ. ಗ್ರೀಕರ ಅಡುಗೆಗೆ, ಅದರಲ್ಲೂ ಈಸ್ಟರ್ ಹಬ್ಬಕ್ಕೆ, ಬೇಕೇ ಬೇಕಾದ ಆ ಮಾಂಸವನ್ನು ಗಿರಾಕಿಗಳ ಒಗ್ಗಿಕೆಗೆ ತಕ್ಕಂತೆ ಕಡಿದು ಕೊಡುವವರು ಬೇರೆಯವರ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಇಂಥ ಅಂಗಡಿಗಳು ನಡೆಯುತ್ತಿದ್ದ ರೀತಿ ಕನ್ನಡ ನಾಡಿನ ಪೇಟೆ ಬೀದಿಯ ದಿನಸಿ ಅಂಗಡಿಗಿಂತ ಬಹಳ ಭಿನ್ನವಾಗಿರಲಿಲ್ಲ: ಸರಕೆಲ್ಲ ಗಲ್ಲಾದ ಹಿಂದೆ ಇರುತ್ತಿತ್ತು, ಗಿರಾಕಿ ಬೇಕಾದುದನ್ನು ಹೇಳಿದರೆ ಅಂಗಡಿಯವನು ತೂಗಿ ಕಟ್ಟಿಕೊಡುತ್ತಿದ್ದ, ಕೈಯಲ್ಲಿ ಕಾಸಿಲ್ಲದವರ ಲೆಕ್ಕ ಉದ್ರಿ ಪುಸ್ತಕಕ್ಕೆ ಹೋಗುತ್ತಿತ್ತು. 1920ರ ದಶಕದಲ್ಲಿ ಲೋವೆಲ್‌ನ ಗಿರಣಿಗಳು ಅಗ್ಗದ ಕೂಲಿಯನ್ನು ಅರಸಿ ಒಂದೊಂದಾಗಿ ದಕ್ಷಿಣದ ರಾಜ್ಯಗಳಿಗೆ ಹೊರಟುಹೋದವು. 1929ರ ಬಳಿಕ ಆರ್ಥಿಕ ಮಹಾಕುಸಿತವೂ ಬಂದೆರಗಿದಾಗ ಕೇರಿಗೆ ಕೇರಿಯೇ ಕೆಲಸ ಕಳೆದುಕೊಂಡಿತು. ಆ ವರ್ಷಗಳಲ್ಲಿ ಡಿಮೂಲಸ್ ದಂಪತಿಗಳು ಬಡವರಿಗೆ ಉದ್ರಿ ಕೊಟ್ಟು ಕೈಹಿಡಿದರೆಂಬ ನೆನಪನ್ನು ಆ ಸಂಸ್ಥೆ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಸಂಸ್ಥೆಗಳು ತಮ್ಮ ಹುಟ್ಟಿನ ಕಥೆಯನ್ನು ಕೊಂಚ ಹೊಳಪಿಟ್ಟು ಹೇಳುವುದು ಸಹಜವಾದರೂ, ಗಿರಾಕಿಯ ಬಡತನವನ್ನು ಹತ್ತಿರದಿಂದ ಕಂಡ ಅಂಗಡಿ ಇದು ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಮುಂದೆ ಈ ಸರಣಿಯು ಬೆಲೆ ಇಳಿಸುವುದನ್ನೇ ತನ್ನ ಮೊದಲ ಕೆಲಸವೆಂದು ಬಗೆದುದಕ್ಕೆ ಈ ಹಿನ್ನೆಲೆಯ ಹೊರತು ಬೇರೆ ವಿವರಣೆ ಹುಡುಕಬೇಕಾಗಿಲ್ಲ.

ಡಮ್ಮರ್ ಬೀದಿಯ ಅಂಗಡಿ ಹಳೆಯ ಪದ್ಧತಿಯಲ್ಲಿ ನಡೆಯುತ್ತಿದ್ದ ಕಾಲದಲ್ಲೇ ದಿನಸಿ ವ್ಯಾಪಾರದ ಸ್ವರೂಪ ಬೇರೆಡೆ ಬದಲಾಗತೊಡಗಿತ್ತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿಯನ್ನು ತೆರೆದು, ಗಿರಾಕಿಯೇ ಒಳಗೆ ಅಡ್ಡಾಡಿ, ಬೆಲೆ ಬರೆದಿಟ್ಟ ಸರಕನ್ನು ತಾನೇ ಆರಿಸಿಕೊಂಡು, ಹೊರಗೆ ಹೋಗುವಾಗ ಒಂದೇ ಕಡೆ ಹಣ ತೆರುವ ಸ್ವಯಂಸೇವೆಯ ಪದ್ಧತಿಯನ್ನು ರೂಢಿಗೆ ತಂದ. 1930ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಮೈಕಲ್ ಕಲನ್ ತೆರೆದ ಕಿಂಗ್ ಕಲನ್ ಮಳಿಗೆ ಇದಕ್ಕೆ ಇನ್ನೆರಡು ಅಂಶಗಳನ್ನು ಸೇರಿಸಿತು: ಖಾಲಿ ಬಿದ್ದಿದ್ದ ದೊಡ್ಡ ಕಟ್ಟಡದಲ್ಲಿ ದಿನಸಿ, ಮಾಂಸ, ತರಕಾರಿಗಳೆಲ್ಲ ಒಂದೇ ಸೂರಿನಡಿ ದೊರೆಯುವುದು, ಮತ್ತು ಪ್ರತಿಯೊಂದು ಪದಾರ್ಥದ ಮೇಲೆ ಅತಿ ಕಡಿಮೆ ಲಾಭವಿಟ್ಟು ಅತಿ ಹೆಚ್ಚು ಮಾರುವುದು. ಸೂಪರ್ ಮಾರ್ಕೆಟ್ ಎಂದರೆ ಮೂಲತಃ ಈ ಎರಡನೆಯ ತತ್ತ್ವವೇ. ವಿಶಾಲವಾದ ಕಟ್ಟಡ, ತಳ್ಳುಗಾಡಿ, ವಾಹನ ನಿಲ್ದಾಣಗಳೆಲ್ಲ ಅದನ್ನು ಸಾಧಿಸುವ ಉಪಕರಣಗಳು. ನೂರು ರೂಪಾಯಿ ವಹಿವಾಟಿನಲ್ಲಿ ಖರ್ಚೆಲ್ಲ ಕಳೆದು ಒಂದೆರಡು ರೂಪಾಯಿ ಉಳಿದರೆ ದಿನಸಿ ವ್ಯಾಪಾರಿ ತೃಪ್ತನಾಗಬೇಕೆಂಬ ಸ್ಥಿತಿ ಅಂದಿನಿಂದ ಇಂದಿನವರೆಗೂ ಹೆಚ್ಚು ಬದಲಾಗಿಲ್ಲ. ಹೀಗೆ ಉಳಿತಾಯ ತೆಳುವಾದ ವ್ಯಾಪಾರದಲ್ಲಿ ಸರಕು ಕೊಳೆಯದಂತೆ ನೋಡಿಕೊಳ್ಳುವುದು, ಲಾರಿಗಳು ಖಾಲಿ ಓಡದಂತೆ ಸಾಗಣೆಯನ್ನು ಹೊಂದಿಸುವುದು, ನುರಿತ ಕೆಲಸಗಾರರು ಬಿಟ್ಟುಹೋಗದಂತೆ ಉಳಿಸಿಕೊಳ್ಳುವುದು, ಇವೇ ಗೆಲುವು ಸೋಲುಗಳನ್ನು ನಿರ್ಧರಿಸುತ್ತವೆ.

ಅಥನೇಸಿಯೋಸ್‌ನ ಮಕ್ಕಳಾದ ಟೆಲಿಮ್ಯಾಕಸ್ ಮತ್ತು ಜಾರ್ಜ್ 1954ರಲ್ಲಿ ತಂದೆತಾಯಿಗಳಿಂದ ಅಂಗಡಿಯನ್ನು 15,000 ಡಾಲರಿಗೆ ಕೊಂಡರು. ಮಕ್ಕಳು ತಂದೆಯ ಅಂಗಡಿಯನ್ನು ದುಡ್ಡು ಕೊಟ್ಟು ಕೊಳ್ಳುವುದು ಕನ್ನಡದ ಕೂಡುಕುಟುಂಬದ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಆಸ್ತಿಯು ಹುಟ್ಟಿನಿಂದಲೇ ಮಕ್ಕಳ ಹಕ್ಕಾಗುವ ಹಿಂದೂ ಅವಿಭಕ್ತ ಕುಟುಂಬದ ಕಲ್ಪನೆ ಅಲ್ಲಿನ ಕಾನೂನಿನಲ್ಲಿ ಇಲ್ಲವಾದ್ದರಿಂದ, ಬರಹದಲ್ಲಿ ವರ್ಗವಾಗದ ಹೊರತು ಒಡೆತನ ಕೈ ಬದಲಾಗುವಂತಿರಲಿಲ್ಲ. ಅಣ್ಣತಮ್ಮಂದಿರು ಸಮಪಾಲಿನವರಾಗಿ ದುಡಿದು, ಸುಮಾರು ಹದಿನೈದು ವರ್ಷಗಳಲ್ಲಿ ಆ ಒಂದು ಅಂಗಡಿಯನ್ನು 15 ಮಳಿಗೆಗಳ ಆಧುನಿಕ ಸೂಪರ್ ಮಾರ್ಕೆಟ್ ಸರಣಿಯಾಗಿ ಬೆಳೆಸಿದರು. ಯುದ್ಧಾನಂತರದ ಆ ದಶಕಗಳಲ್ಲಿ ಅಮೆರಿಕದ ಮಧ್ಯಮ ವರ್ಗ ಕಾರು ಕೊಂಡು ಊರಾಚೆಯ ಬಡಾವಣೆಗಳಿಗೆ ಹೋಗುತ್ತಿತ್ತು. ಸಹೋದರರು ಮೆರಿಮ್ಯಾಕ್ ಕಣಿವೆಯ ಗಿರಣಿ ಊರುಗಳನ್ನೂ ಅದಕ್ಕೆ ತಾಗಿದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಊರುಗಳನ್ನೂ ಹಿಡಿದು ಮುಂದುವರಿದರು. ಪ್ರಾದೇಶಿಕ ಸರಣಿಯ ಬಲ ಇರುವುದೇ ಈ ಒತ್ತಾದ ಹರಹಿನಲ್ಲಿ: ಒಂದು ಉಗ್ರಾಣದ ಸುತ್ತ, ಲಾರಿಯೊಂದು ಬೆಳಗ್ಗೆ ಹೊರಟು ಸಂಜೆಯೊಳಗೆ ಮರಳಬಹುದಾದ ದೂರದಲ್ಲಿ ಎಲ್ಲ ಮಳಿಗೆಗಳಿದ್ದರೆ, ರಾಷ್ಟ್ರವ್ಯಾಪಿ ಸಂಸ್ಥೆಯು ಸಗಟು ಖರೀದಿಯಲ್ಲಿ ಗಳಿಸುವ ಅನುಕೂಲವನ್ನು ಚಿಕ್ಕ ಸರಣಿಯು ಸಾಗಣೆಯಲ್ಲಿ ಉಳಿಸಿ ಸರಿದೂಗಿಸಿಕೊಳ್ಳಬಲ್ಲದು. ಫ್ಲಾರೆನ್ಸ್ ಬಟ್ ಎಂಬಾಕೆ 1905ರಲ್ಲಿ 60 ಡಾಲರ್ ಬಂಡವಾಳದಿಂದ ಟೆಕ್ಸಾಸ್‌ನ ಕರ್‌ವಿಲ್ ಊರಲ್ಲಿ ಆರಂಭಿಸಿದ ಅಂಗಡಿ ಎಚ್‌ಇಬಿ ಎಂಬ ಬೃಹತ್ ಸರಣಿಯಾಗಿ ಬೆಳೆದುದೂ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ವೆಗ್ಮನ್ಸ್ ಮನೆತನದ ಸರಣಿ ಒಂದು ಶತಮಾನ ದಾಟಿ ಬಾಳಿದುದೂ ಇದೇ ಬಗೆಯ ಪ್ರಾದೇಶಿಕ ಬಿಗಿಯ ಬಲದಿಂದಲೇ.

1971ರಲ್ಲಿ ಜಾರ್ಜ್ ಗ್ರೀಸ್ ಪ್ರವಾಸದಲ್ಲಿದ್ದಾಗ ಹೃದಯಾಘಾತದಿಂದ ತೀರಿಕೊಂಡನು. ಇಬ್ಬರಲ್ಲಿ ಉಳಿದವನು ಅಗಲಿದವನ ಸಂಸಾರವನ್ನು ನೋಡಿಕೊಳ್ಳಬೇಕೆಂಬ ಮಾತು ಸಹೋದರರ ನಡುವೆ ಮೊದಲೇ ಆಗಿತ್ತು. ಅದರಂತೆ ಜಾರ್ಜ್‌ನ ವಿಧವೆ ಮತ್ತು ನಾಲ್ವರು ಮಕ್ಕಳ ಹೊಣೆಯ ಜೊತೆಗೆ ವ್ಯಾಪಾರದ ಸಂಪೂರ್ಣ ಹಿಡಿತವೂ ಟೆಲಿಮ್ಯಾಕಸ್‌ನ ಕೈಗೆ ಬಂತು. ಮುಂದಿನ ಎರಡು ದಶಕಗಳಲ್ಲಿ ಸರಣಿ ಬೆಳೆಯುತ್ತ ಹೋದರೂ, ಬೆಳವಣಿಗೆ ಯಾರ ಹೆಸರಿನಲ್ಲಿ ಆಗುತ್ತಿದೆ ಎಂಬುದು ಜಾರ್ಜ್‌ನ ಮನೆಯವರಿಗೆ ತಿಳಿದಿರಲಿಲ್ಲ. 1990ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿ, ಸಮಪಾಲಾಗಿದ್ದ ತಮ್ಮ ಕವಲಿಗೆ ಕೇವಲ ನೂರಕ್ಕೆ 8ರಷ್ಟು ಷೇರುಗಳು ಮಾತ್ರ ಉಳಿದಿವೆಯೆಂದೂ, ಮಿಕ್ಕುದೆಲ್ಲ ತಮಗೆ ಅರ್ಥವಾಗದಂತೆ ಸಹಿ ಹಾಕಿಸಿಕೊಂಡ ಕಾಗದಪತ್ರಗಳ ಮೂಲಕ ಟೆಲಿಮ್ಯಾಕಸ್‌ನ ಕವಲಿಗೆ ಸರಿದಿದೆಯೆಂದೂ ದೂರಿದರು.

ಮ್ಯಾಸಚೂಸೆಟ್ಸ್ ರಾಜ್ಯದ ಇತಿಹಾಸದಲ್ಲೇ ಅತ್ಯಂತ ದೀರ್ಘವೂ ಕಹಿಯೂ ಆದ ವ್ಯಾಜ್ಯಗಳಲ್ಲಿ ಇದೂ ಒಂದು. ಇದರಲ್ಲಿ ಕಂಪನಿ ಕಾನೂನಿನ ಒಂದು ಮುಖ್ಯ ತತ್ತ್ವ ಪರೀಕ್ಷೆಗೆ ಒಳಗಾಯಿತು. ಒಂದು ಕಂಪನಿಯನ್ನು ನಡೆಸುವವನು ಆ ಕಂಪನಿಗೆ ಸಹಜವಾಗಿ ಒದಗಬೇಕಾದ ಲಾಭದ ಅವಕಾಶವನ್ನು ತನ್ನ ಸ್ವಂತಕ್ಕೆ ತಿರುಗಿಸಿಕೊಳ್ಳಬಾರದು. ಅಂಥದೊಂದು ಅವಕಾಶ ಕಂಡರೆ ಅದನ್ನು ಮೊದಲು ಕಂಪನಿಯ ಮುಂದಿಟ್ಟು, ಉಳಿದ ಪಾಲುದಾರರ ಒಪ್ಪಿಗೆ ಪಡೆಯಬೇಕು. ಲೋವೆಲ್‌ನ ಈ ವ್ಯಾಪಾರದಲ್ಲಾದರೋ ಹೊಸ ಮಳಿಗೆಗಳು ಮೂಲ ಕಂಪನಿಯ ಲೆಕ್ಕಕ್ಕೆ ಸೇರದೆ, ಟೆಲಿಮ್ಯಾಕಸ್‌ನ ಕವಲಿಗೆ ಸೇರಿದ ಬೇರೆ ಕಂಪನಿಗಳ ಹೆಸರಿನಲ್ಲಿ ತೆರೆದಿದ್ದವು. ಮಾರ್ಕೆಟ್ ಬ್ಯಾಸ್ಕೆಟ್ ಎಂಬುದು ಅಂಥ ಕಂಪನಿಗಳಲ್ಲಿ ಒಂದರ ಹೆಸರು. ಸರಕು ಬರುತ್ತಿದ್ದುದು, ದುಡಿಮೆಯ ಅನುಭವ ಹರಿಯುತ್ತಿದ್ದುದು ಮಾತ್ರ ಹಳೆಯ ಕಂಪನಿಯಿಂದಲೇ. ನ್ಯಾಯಾಧೀಶೆ ಮರಿಯಾ ಲೋಪೆಜ್ ವಿಚಾರಣೆ ನಡೆಸಿ, ಜಾರ್ಜ್‌ನ ಕುಟುಂಬಕ್ಕೆ ವಂಚನೆಯಾಗಿದೆಯೆಂದು ಕಂಡುಕೊಂಡರು. ಮಳಿಗೆಗಳನ್ನೆಲ್ಲ ಒಂದೇ ಸಂಸ್ಥೆಗೆ ಮರಳಿ ಸೇರಿಸಬೇಕೆಂದಾಯಿತು, ಜಾರ್ಜ್‌ನ ಕವಲಿಗೆ 20 ಕೋಟಿ ಡಾಲರಿಗೂ ಮೀರಿದ ಪರಿಹಾರ ದೊರೆಯಿತು, ಎಲ್ಲಕ್ಕಿಂತ ಮಿಗಿಲಾಗಿ ಷೇರುಗಳಲ್ಲಿ ನೂರಕ್ಕೆ 50.5 ಪಾಲು ಆ ಕವಲಿನದಾಯಿತು. 1997ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ನಿರ್ಣಯದ ಮುಖ್ಯಾಂಶಗಳನ್ನು ಎತ್ತಿಹಿಡಿಯಿತು. ಸೋಲು ಎದುರಾದ ಹೊತ್ತಿನಲ್ಲಿ ಟೆಲಿಮ್ಯಾಕಸ್ ಪಕ್ಷದ ಕೆಲವು ವಕೀಲರು ನ್ಯಾಯಾಧೀಶರನ್ನು ಪಕ್ಷಪಾತಿಯೆಂದು ತೋರಿಸುವ ಉದ್ದೇಶದಿಂದ, ಅವರ ಬಳಿ ಸಹಾಯಕನಾಗಿದ್ದ ತರುಣ ವಕೀಲನನ್ನು ಇಲ್ಲದ ಉದ್ಯೋಗವೊಂದರ ನಕಲಿ ಸಂದರ್ಶನಕ್ಕೆ ಕರೆಸಿ ಬಾಯಿ ಬಿಡಿಸಲು ಹೊರಟಿದ್ದು, ಮುಂದೆ ಅದಕ್ಕಾಗಿ ವಕೀಲಿ ಸನದನ್ನೇ ಕಳೆದುಕೊಂಡದ್ದು, ದಾಯಾದಿ ಮತ್ಸರ ಮನೆಯ ಹೊರಗಿನವರನ್ನೂ ಎಷ್ಟು ಆಳಕ್ಕೆ ಎಳೆಯಬಲ್ಲದೆಂಬುದಕ್ಕೆ ಸಾಕ್ಷಿ.

ಗ್ರೀಕರಲ್ಲಿಯೂ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿದೆ. ಅಥನೇಸಿಯೋಸ್ ಎಂಬ ಹೆಸರು ಅಮೆರಿಕದಲ್ಲಿ ಆರ್ಥರ್ ಆದುದರಿಂದ, ಎರಡೂ ಕವಲುಗಳಲ್ಲಿ ಒಬ್ಬೊಬ್ಬ ಆರ್ಥರ್ ಡಿಮೂಲಸ್ ಇದ್ದಾನೆ. ಟೆಲಿಮ್ಯಾಕಸ್‌ನ ಮಗ ತಂದೆಯ ಹೆಸರಿನ ಮೊದಲಕ್ಷರ ಸೇರಿ ಆರ್ಥರ್ ಟಿ., ಜಾರ್ಜ್‌ನ ಮಗ ಆರ್ಥರ್ ಎಸ್.; ಮುಂದಿನ ಇತಿಹಾಸವೆಲ್ಲ ಈ ಇಬ್ಬರ ಸುತ್ತ ತಿರುಗುತ್ತದೆ. ಬಹುಮತದ ಷೇರು ಜಾರ್ಜ್‌ನ ಕವಲಿನದಾಗಿದ್ದರೂ, ಆ ಕವಲಿನ ಒಬ್ಬ ಸದಸ್ಯೆಯ ಮತ ಆರ್ಥರ್ ಟಿ. ಕಡೆಗೆ ಒಲಿದಿದ್ದರಿಂದ 2008ರಲ್ಲಿ ಆತ ಸಂಸ್ಥೆಯ ಅಧ್ಯಕ್ಷನಾದ. ಅಂದರೆ ಸಾವಿರಾರು ಜನ ದುಡಿಯುವ ಸಂಸ್ಥೆಯೊಂದರ ದಿಕ್ಕು ಮನೆಯೊಳಗಿನ ಒಂದೇ ಮತದ ಮೇಲೆ ನಿಂತಿತ್ತು.

ಈ ಹೊತ್ತಿಗೆ ಅವರ ಸುತ್ತಲಿನ ಕುಟುಂಬದ ಅಂಗಡಿಗಳೆಲ್ಲ ಬಹುಪಾಲು ಅಳಿದಿದ್ದವು ಅಥವಾ ಪರರ ಪಾಲಾಗಿದ್ದವು. ಬಾಸ್ಟನ್ನಿನ ರ‍್ಯಾಬ್ ಮನೆತನ ಬೆಳೆಸಿದ ಸ್ಟಾಪ್ ಆಂಡ್ ಶಾಪ್ 1996ರಲ್ಲಿ ಡಚ್ಚರ ಅಹೋಲ್ಡ್ ಸಂಸ್ಥೆಗೆ ಹೋಯಿತು. ಶಾಸ್ ಸರಣಿ ಇಂಗ್ಲೆಂಡಿನ ಸೇನ್ಸ್‌ಬರೀಸ್‌ನ ಕೈಸೇರಿ, ಅಲ್ಲಿಂದ 2004ರಲ್ಲಿ ಆಲ್ಬರ್ಟ್‌ಸನ್ಸ್‌ಗೆ ದಾಟಿತು. ಮೇನ್ ರಾಜ್ಯದ ಹ್ಯಾನಫರ್ಡ್ ಬೆಲ್ಜಿಯಂನ ಡೆಲೇಜ್ ಸಂಸ್ಥೆಗೆ ಸೇರಿತು. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಪಾಲುದಾರರ ಸಂಖ್ಯೆ ಹೆಚ್ಚಿ, ಅಂಗಡಿಯಲ್ಲಿ ದುಡಿಯುವವರು ಕೆಲವೇ ಮಂದಿ, ಲಾಭ ಬಯಸುವವರು ಹಲವು ಮಂದಿ ಎಂಬ ಸ್ಥಿತಿ ಬಂದಾಗ ಹೊರಗಿನವರ ಬೆಲೆಗೆ ಒಪ್ಪುವುದೇ ಜಗಳಕ್ಕಿಂತ ಲೇಸೆಂದು ಕಾಣುವುದು ಎಲ್ಲ ದೇಶಗಳಲ್ಲೂ ನಡೆದುಬಂದಿದೆ. ನೀಲಗಿರಿಯ ಬೆಟ್ಟಗಳಲ್ಲಿ 1905ರಲ್ಲಿ ಹುಟ್ಟಿದ ಹಾಲು ಬೆಣ್ಣೆಯ ವ್ಯಾಪಾರವನ್ನು 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ತಂದು, ದಕ್ಷಿಣ ಭಾರತದ ಅತ್ಯಂತ ಹಳೆಯ ಸೂಪರ್ ಮಾರ್ಕೆಟ್ ಸರಣಿಗಳಲ್ಲೊಂದಾಗಿ ಬೆಳೆಸಿದ ನೀಲಗಿರೀಸ್ ಮನೆತನವೂ ಕೊನೆಗೆ ಹೊರಗಿನ ಹೂಡಿಕೆದಾರರಿಗೆ ಪಾಲು ಬಿಟ್ಟುಕೊಟ್ಟಿತು, ಮತ್ತು 2014ರಲ್ಲಿ ಆ ಹೆಸರು ಫ್ಯೂಚರ್ ಗ್ರೂಪ್‌ಗೆ ಸೇರಿತು. ಲೋವೆಲ್‌ನ ಅಂಗಡಿಗೂ ಅದೇ ವರ್ಷ ಅದೇ ಬಗೆಯ ಇಕ್ಕಟ್ಟು ಎದುರಾಯಿತಾದರೂ, ಅಲ್ಲಿ ನಡೆದುದೇ ಬೇರೆ.

ಅದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಆ ಮಳಿಗೆಗಳು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮಾರ್ಕೆಟ್ ಬ್ಯಾಸ್ಕೆಟ್ ಮಳಿಗೆಯಲ್ಲಿ ಅಲಂಕಾರ ಕಡಿಮೆ. ಬೇರೆ ಸರಣಿಗಳು ಗಿರಾಕಿಯ ಖರೀದಿಯ ಲೆಕ್ಕವಿಡಲು ಕೊಡುವ ರಿಯಾಯಿತಿ ಕಾರ್ಡು ಇಲ್ಲಿ ಇರಲಿಲ್ಲ, ಎಲ್ಲರಿಗೂ ಒಂದೇ ಬೆಲೆ. ಗಿರಾಕಿಯೇ ಯಂತ್ರದ ಮುಂದೆ ನಿಂತು ಬಿಲ್ಲು ಮಾಡಿಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ಬದಲಿಗೆ ಸಾಲಾಗಿ ತೆರೆದ ಗಲ್ಲಾಗಳು, ಪ್ರತಿ ಗಲ್ಲಾದಲ್ಲಿ ಬಿಲ್ಲು ಮಾಡುವವರೊಬ್ಬರು, ಅವರ ಪಕ್ಕದಲ್ಲಿ ಸಾಮಾನನ್ನು ಚೀಲಕ್ಕೆ ತುಂಬಲೆಂದೇ ನಿಂತ ಹದಿಹರೆಯದವರೊಬ್ಬರು. ಕತ್ತಿಗೆ ಟೈ ಕಟ್ಟಿ ಚೀಲ ತುಂಬುವ ಆ ಹುಡುಗನ ಕೆಲಸ ಮೇಲುನೋಟಕ್ಕೆ ಅನಾವಶ್ಯಕವೆನಿಸಿದರೂ, ಸಂಸ್ಥೆಯ ಶಾಲೆ ಅದೇ. ಅಲ್ಲಿಂದ ತರಕಾರಿ ವಿಭಾಗ, ಅಲ್ಲಿಂದ ಸಹಾಯಕ ವ್ಯವಸ್ಥಾಪಕ, ಮುಂದೆ ಮಳಿಗೆಯ ವ್ಯವಸ್ಥಾಪಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದವರೇ ಮೇಲಿನ ಹುದ್ದೆಗಳನ್ನು ತುಂಬುತ್ತಿದ್ದರು. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಎಷ್ಟು ವರ್ಷದ ಸೇವೆ ಎಂಬುದನ್ನೂ ನಮೂದಿಸುವ ವಾಡಿಕೆಯಿಂದ, ಮೂವತ್ತು ನಲವತ್ತು ವರ್ಷ ಒಂದೇ ಕಡೆ ದುಡಿದವರು ಯಾರೆಂದು ಗಿರಾಕಿಗೂ ಗೊತ್ತಾಗುತ್ತಿತ್ತು. ಈ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ಹೆಂಗಸರು ತೀರ ವಿರಳವಾಗಿದ್ದರೆಂಬುದು ಆ ಸಂಸ್ಥೆಯ ಮೇಲಿನ ನ್ಯಾಯವಾದ ಆಕ್ಷೇಪ; ಒಳಗಿನವರನ್ನೇ ಬೆಳೆಸುವ ಪದ್ಧತಿಯು ಹಳೆಯ ಕಾಲದ ಅಸಮಾನತೆಯನ್ನೂ ಜೊತೆಗೆ ಬೆಳೆಸಿಕೊಂಡು ಬಂದಿತ್ತು.

ವೇತನಕ್ಕಿಂತ ಹೆಚ್ಚಾಗಿ ಕೆಲಸಗಾರರನ್ನು ಹಿಡಿದಿಟ್ಟದ್ದು ಲಾಭ ಹಂಚಿಕೆಯ ನಿಧಿ. ವರ್ಷದಲ್ಲಿ ನಿಗದಿಯಾದಷ್ಟು ಗಂಟೆ ದುಡಿದ ಪ್ರತಿಯೊಬ್ಬರ ಹೆಸರಿನಲ್ಲಿ, ಅವರ ಸಂಬಳದ ನೂರಕ್ಕೆ ಸುಮಾರು 15ರಷ್ಟು ಮೊತ್ತವನ್ನು ಸಂಸ್ಥೆ ತನ್ನ ಕೈಯಿಂದ ನಿವೃತ್ತಿ ನಿಧಿಗೆ ಹಾಕುತ್ತಿತ್ತು. 2008ರ ಹಣಕಾಸು ಕುಸಿತದಲ್ಲಿ ಈ ನಿಧಿಯ ಹೂಡಿಕೆಗಳು ಮುಳುಗಿ 4 ಕೋಟಿ 60 ಲಕ್ಷ ಡಾಲರಿನಷ್ಟು ನಷ್ಟವಾದಾಗ, ಸಂಸ್ಥೆಯು ಆ ಮೊತ್ತವನ್ನು ತನ್ನ ಗಳಿಕೆಯಿಂದ ತುಂಬಿಕೊಟ್ಟಿತು. ಆರ್ಥರ್ ಟಿ. ಎಂಬ ಒಬ್ಬ ಕೋಟ್ಯಧೀಶನ ಮೇಲೆ ಸಾಮಾನು ಚೀಲ ತುಂಬುವವರೂ ಲಾರಿ ಓಡಿಸುವವರೂ ಇಟ್ಟ ನಿಷ್ಠೆಯನ್ನು ವ್ಯಕ್ತಿಪೂಜೆಯೆಂದು ತಳ್ಳಿಹಾಕುವವರು ಈ ಸಂಗತಿಯನ್ನು ಮರೆಯುತ್ತಾರೆ. ಆದರೆ ಅದೇ ಸಂಗತಿ ಇನ್ನೊಂದು ಕವಲಿನ ಕಣ್ಣಿಗೆ ಬೇರೆಯಾಗಿಯೇ ಕಂಡಿತು: ಷೇರುದಾರರಿಗೆ ಲಾಭಾಂಶವಾಗಿ ಬರಬೇಕಾದ ಹಣವನ್ನು ಅಧ್ಯಕ್ಷನು ಅವರನ್ನು ಸರಿಯಾಗಿ ಕೇಳದೆ ಖರ್ಚು ಮಾಡುತ್ತಿದ್ದಾನೆ, ನಿರ್ದೇಶಕ ಮಂಡಳಿಯನ್ನು, ಅಂದರೆ ಷೇರುದಾರರ ಪರವಾಗಿ ಸಂಸ್ಥೆಯ ಮೇಲ್ವಿಚಾರಣೆ ಮಾಡುವ ಸಮಿತಿಯನ್ನು, ಕಡೆಗಣಿಸುತ್ತಿದ್ದಾನೆ ಎಂಬುದು ಅವರ ದೂರು. ಒಮ್ಮೆ ಮೋಸಹೋಗಿದ್ದ ಕವಲಿಗೆ ಈ ಅನುಮಾನ ಬಂದುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಕೇವಲ ದುರಾಸೆಯೆಂದು ಬರೆದ ಆ ಕಾಲದ ಅನೇಕ ವರದಿಗಳು ಹಿಂದಿನ ಇಪ್ಪತ್ತು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

2013ರಲ್ಲಿ ಆ ಒಂದು ಮತ ಮತ್ತೆ ಜಾರ್ಜ್‌ನ ಕವಲಿಗೆ ಹೊರಳಿತು, ಅದರೊಂದಿಗೆ ಮಂಡಳಿಯೂ ಆರ್ಥರ್ ಎಸ್. ಕಡೆಯವರ ಹಿಡಿತಕ್ಕೆ ಬಂತು. ಆ ವರ್ಷ ಷೇರುದಾರರಿಗೆ ದೊಡ್ಡ ಮೊತ್ತದ ಲಾಭಾಂಶ ಹಂಚಲಾಯಿತು. ಆರ್ಥರ್ ಟಿ.ಯಾದರೋ 2014ರ ಆರಂಭದಲ್ಲಿ ಎಲ್ಲ ಸರಕಿನ ಮೇಲೂ ವರ್ಷದುದ್ದಕ್ಕೂ ನೂರಕ್ಕೆ 4ರ ರಿಯಾಯಿತಿ ಘೋಷಿಸಿದ. ಹೆಚ್ಚುವರಿ ಹಣ ಒಡೆಯರಿಗೆ ಹೋಗಬೇಕೋ ಗಿರಾಕಿಗೆ ಹೋಗಬೇಕೋ ಎಂಬ ಪ್ರಶ್ನೆ ಹೀಗೆ ಬೆಲೆಪಟ್ಟಿಯ ಮೇಲೆಯೇ ಬಂದು ನಿಂತಿತು. 2014ರ ಜೂನ್ 23ರಂದು ಮಂಡಳಿಯು ಆರ್ಥರ್ ಟಿ. ಮತ್ತು ಅವನ ಇಬ್ಬರು ಹಿರಿಯ ಸಹೋದ್ಯೋಗಿಗಳನ್ನು ವಜಾ ಮಾಡಿ, ಹೊರಗಿನ ಇಬ್ಬರನ್ನು ಜಂಟಿ ಮುಖ್ಯಾಧಿಕಾರಿಗಳನ್ನಾಗಿ ನೇಮಿಸಿತು.

ಆಗ ಸಂಸ್ಥೆಯಲ್ಲಿ 71 ಮಳಿಗೆಗಳೂ ಸುಮಾರು 25,000 ಕೆಲಸಗಾರರೂ ಇದ್ದರು. ಕಾರ್ಮಿಕ ಸಂಘ ಮಾತ್ರ ಇರಲಿಲ್ಲ. ಜುಲೈ 18ರಂದು ಟ್ಯೂಕ್ಸ್‌ಬರಿಯ ಮುಖ್ಯ ಕಚೇರಿಯ ಮುಂದೆ ಸಾವಿರಾರು ಮಂದಿ ನೆರೆದರು, ಉಗ್ರಾಣದ ಕೆಲಸಗಾರರೂ ಲಾರಿ ಚಾಲಕರೂ ಕೆಲಸ ನಿಲ್ಲಿಸಿದರು. ಅವರು ಸಂಬಳ ಹೆಚ್ಚಿಸಿರೆಂದು ಕೇಳಲಿಲ್ಲ, ರಜೆ ಕೇಳಲಿಲ್ಲ. ಹಳೆಯ ಅಧ್ಯಕ್ಷನನ್ನು ಮರಳಿ ತನ್ನಿ ಎಂಬುದೊಂದೇ ಬೇಡಿಕೆ. ಅಮೆರಿಕದ ಕಾರ್ಮಿಕ ಕಾನೂನು ಮುಷ್ಕರ ಹೂಡುವ ಸಾಮಾನ್ಯ ಕೆಲಸಗಾರರಿಗೆ ಕೆಲವು ರಕ್ಷಣೆಗಳನ್ನು ಕೊಡುತ್ತದೆಯಾದರೂ, 1947ರ ತಿದ್ದುಪಡಿಯ ಬಳಿಕ ಮೇಲ್ವಿಚಾರಕರಿಗೆ ಆ ರಕ್ಷಣೆ ಇಲ್ಲ. ಈ ಚಳವಳಿಯ ಮುಂಚೂಣಿಯಲ್ಲಿದ್ದವರು ಮಳಿಗೆಗಳ ವ್ಯವಸ್ಥಾಪಕರು, ವಿಭಾಗಗಳ ಮುಖ್ಯಸ್ಥರು, ದಶಕಗಳ ನಿವೃತ್ತಿ ನಿಧಿಯನ್ನೂ ಹುದ್ದೆಯನ್ನೂ ಪಣಕ್ಕಿಟ್ಟವರು. ಕೂಡಲೇ ಎಂಟು ಮಂದಿ ಕೆಲಸ ಕಳೆದುಕೊಂಡರು, ಆದರೂ ಉಳಿದವರು ಹಿಂಜರಿಯಲಿಲ್ಲ.

ಸೂಪರ್ ಮಾರ್ಕೆಟ್ ಎಂಬ ವ್ಯವಸ್ಥೆಯ ದುರ್ಬಲ ಜಾಗ ಎಲ್ಲಿದೆಯೆಂಬುದು ಅದನ್ನು ದಿನವೂ ನಡೆಸುವವರಿಗೇ ಚೆನ್ನಾಗಿ ತಿಳಿದಿತ್ತು. ಡಬ್ಬಿಯ ಸರಕು ವಾರಗಟ್ಟಲೆ ಕಪಾಟಿನಲ್ಲಿ ನಿಲ್ಲಬಲ್ಲದು. ಹಣ್ಣು, ತರಕಾರಿ, ಮಾಂಸ, ಮೀನುಗಳಿಗೆ ಮಾತ್ರ ಉಗ್ರಾಣದಿಂದ ಪ್ರತಿದಿನ ಲಾರಿ ಬರಲೇಬೇಕು, ಮತ್ತು ಗಿರಾಕಿ ವಾರದ ಸಾಮಾನಿಗೆ ಒಂದು ಮಳಿಗೆಯನ್ನು ಆರಿಸಿಕೊಳ್ಳುವುದು ಈ ತಾಜಾ ಸರಕನ್ನು ನೋಡಿಯೇ. ಲಾರಿಗಳು ನಿಂತ ಕೆಲವೇ ದಿನಗಳಲ್ಲಿ ಆ ವಿಭಾಗಗಳು ಬರಿದಾದವು. ಮಳಿಗೆಗಳ ಬಾಗಿಲು ತೆರೆದೇ ಇತ್ತು, ಕೆಲಸಗಾರರು ಒಳಗೆ ಇದ್ದರು, ಆದರೆ ಬಂದವರಿಗೆ ಬೇರೆಡೆ ಹೋಗಿ ಕೊಳ್ಳಿರೆಂದು ಅವರೇ ಕೈಮುಗಿದು ಕೇಳಿಕೊಳ್ಳುತ್ತಿದ್ದರು. ಗಿರಾಕಿಗಳೂ ಅದಕ್ಕೆ ಒಪ್ಪಿ, ಹೆಚ್ಚು ಬೆಲೆ ತೆತ್ತು ಪ್ರತಿಸ್ಪರ್ಧಿಗಳ ಅಂಗಡಿಯಲ್ಲಿ ಕೊಂಡು, ಆ ಬಿಲ್ಲುಗಳನ್ನು ತಂದು ಮಾರ್ಕೆಟ್ ಬ್ಯಾಸ್ಕೆಟ್‌ನ ಕಿಟಕಿ ಗಾಜುಗಳ ಮೇಲೆ ಅಂಟಿಸಿದರು. ಇಷ್ಟು ಡಾಲರ್ ನಿಮಗೆ ಬರಬೇಕಿತ್ತು, ಬರಲಿಲ್ಲ ಎಂಬ ಲೆಕ್ಕ ಮಂಡಳಿಯ ಮುಂದೆ ಅಂಗಡಿಯ ಗೋಡೆಯ ಮೇಲೆಯೇ ಬರೆದಂತಾಯಿತು. ಅಲ್ಲಿ ಕೊಳ್ಳುತ್ತಿದ್ದವರ ಸಂಖ್ಯೆ ಸುಮಾರು 20 ಲಕ್ಷ ಎಂಬ ಅಂದಾಜಿತ್ತು. ವಹಿವಾಟು ನೆಲಕಚ್ಚಿತು, ಅರೆಕಾಲಿಕ ಕೆಲಸಗಾರರಿಗೆ ಕೊಡಲು ಕೆಲಸದ ಗಂಟೆಗಳೇ ಇಲ್ಲದಾದವು, ಈ ಹೋರಾಟದಲ್ಲಿ ಅತಿ ಹೆಚ್ಚು ನೊಂದವರು ಅವರೇ. ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಗವರ್ನರುಗಳಾದ ಡಿವಾಲ್ ಪ್ಯಾಟ್ರಿಕ್ ಮತ್ತು ಮ್ಯಾಗಿ ಹಾಸನ್ ಸಂಧಾನಕ್ಕೆ ಇಳಿಯಬೇಕಾಯಿತು.

ಆರು ವಾರಗಳ ಬಳಿಕ, ಆಗಸ್ಟ್ 27ರ ರಾತ್ರಿ ಒಪ್ಪಂದವಾಯಿತು: ಜಾರ್ಜ್‌ನ ಕವಲಿನ 50.5 ಪಾಲನ್ನು ಆರ್ಥರ್ ಟಿ. ಮತ್ತು ಅವನ ಕಡೆಯವರು 150 ಕೋಟಿ ಡಾಲರಿಗೂ ಹೆಚ್ಚು ಮೊತ್ತಕ್ಕೆ ಕೊಳ್ಳುವುದೆಂದು ತೀರ್ಮಾನವಾಯಿತು. ಮರುದಿನ ಮುಂಜಾನೆ ಆತ ಮುಖ್ಯ ಕಚೇರಿಯ ಮುಂದೆ ಲಾರಿಯೊಂದರ ಹಿಂಬದಿಯ ಮೇಲೆ ನಿಂತು ಕೆಲಸಗಾರರಿಗೆ ಕೃತಜ್ಞತೆ ಹೇಳಿದ. ಅಣ್ಣತಮ್ಮಂದಿರು 1954ರಲ್ಲಿ 15,000 ಡಾಲರಿಗೆ ಕೊಂಡ ಅಂಗಡಿಯ ಅರ್ಧ ಪಾಲಿಗೆ ಅರವತ್ತು ವರ್ಷಗಳಲ್ಲಿ ಈ ಬೆಲೆ ಬಂದಿತ್ತು. ಸಂಘವಿಲ್ಲದ ಕೆಲಸಗಾರರು ಒಡೆಯರ ಬಹುಮತವನ್ನೇ ಕದಲಿಸಿದ ಈ ಘಟನೆಯನ್ನು ಅಮೆರಿಕದ ವಾಣಿಜ್ಯ ಶಾಲೆಗಳು ಅಂದಿನಿಂದ ಪಾಠವಾಗಿ ಓದಿಸುತ್ತ ಬಂದಿವೆ. ಆದರೆ ಆ ಪಾಠಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಹಿಂದೆ ಬೀಳುತ್ತದೆ: ಹೋರಾಡಿ ಗೆದ್ದ 25,000 ಮಂದಿಯ ಕೈಗೆ ಒಂದು ಷೇರೂ ಬರಲಿಲ್ಲ, ಮಂಡಳಿಯಲ್ಲಿ ಒಂದು ಕುರ್ಚಿಯೂ ದೊರೆಯಲಿಲ್ಲ. ಒಡೆತನವು ಎರಡು ಕವಲುಗಳಿಂದ ಒಂದು ಕವಲಿಗೆ ಸರಿಯಿತು. ಅವರು ಬೇಡಿದ್ದೂ ಅಷ್ಟೇ. ಆದರೆ ಅವರ ಬದುಕನ್ನು ಕಾಯುವ ಬೇಲಿಯೆಂದರೆ ಒಬ್ಬ ಮನುಷ್ಯನ ಒಳ್ಳೆಯತನ ಮಾತ್ರ ಎಂಬ ಸ್ಥಿತಿ ಮೊದಲಿನಂತೆಯೇ ಉಳಿಯಿತು.

ಮುಂದಿನ ಹತ್ತು ವರ್ಷಗಳಲ್ಲಿ ಖರೀದಿಗೆ ಮಾಡಿದ ಸಾಲದ ಹೊರೆಯ ನಡುವೆಯೂ ಬೆಲೆಗಳನ್ನು ಕೆಳಮಟ್ಟದಲ್ಲೇ ಇರಿಸಿಕೊಂಡು ಸರಣಿ ಬೆಳೆಯಿತು, ರೋಡ್ ಐಲೆಂಡ್ ರಾಜ್ಯಕ್ಕೂ ಕಾಲಿಟ್ಟಿತು, ಮಳಿಗೆಗಳ ಸಂಖ್ಯೆ 90ರ ಆಸುಪಾಸಿಗೆ ಬಂತು. ಒಡೆತನವಾದರೋ ಈಗ ಆರ್ಥರ್ ಟಿ. ಮತ್ತು ಅವನ ಮೂವರು ಸಹೋದರಿಯರ ನಡುವೆ ಹಂಚಿಹೋಗಿತ್ತು, ಮತ್ತು ಸಹೋದರಿಯರ ಪಾಲು ಒಟ್ಟು ಸೇರಿದರೆ ಬಹುಮತವಾಗುತ್ತಿತ್ತು; ಅವನದು ನೂರಕ್ಕೆ 28ರ ಆಸುಪಾಸು. 2025ರ ಮೇ ತಿಂಗಳಲ್ಲಿ ಮಂಡಳಿಯು ಅವನನ್ನೂ, ಸಂಸ್ಥೆಯಲ್ಲೇ ದುಡಿಯುತ್ತಿದ್ದ ಅವನ ಇಬ್ಬರು ಮಕ್ಕಳನ್ನೂ, ಕೆಲವು ಹಿರಿಯ ಅಧಿಕಾರಿಗಳನ್ನೂ ಕಡ್ಡಾಯ ರಜೆಯ ಮೇಲೆ ಕಳಿಸಿತು. ಮಂಡಳಿ ಮುಂದಿಟ್ಟ ಆಕ್ಷೇಪಗಳಲ್ಲಿ ಅದರ ಮೇಲ್ವಿಚಾರಣೆಯನ್ನು ಆತ ತಡೆಯುತ್ತಿದ್ದಾನೆಂಬುದೂ ಉತ್ತರಾಧಿಕಾರದ ಪ್ರಶ್ನೆಯೂ ಮುಖ್ಯವಾಗಿದ್ದವು; ಆತ ಅವನ್ನು ಅಲ್ಲಗಳೆದ. ಸಂಧಾನ ಫಲಿಸದೆ ಸೆಪ್ಟೆಂಬರಿನಲ್ಲಿ ಅವನನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. ಈ ಬಾರಿ ಜಗಳ ದಾಯಾದಿಗಳ ನಡುವಿನದಾಗಿರದೆ ಒಡಹುಟ್ಟಿದವರ ನಡುವಿನದಾಗಿತ್ತು, 2014ರ ವಿರೋಧಿ ಕವಲು ಅಲ್ಲಿ ಇರಲೇ ಇಲ್ಲ. ಹಳೆಯ ಚಳವಳಿಯ ಮುಂದಾಳುಗಳಲ್ಲಿ ಕೆಲವರು ಹುದ್ದೆ ಕಳೆದುಕೊಂಡರು. ಆ ತಿಂಗಳುಗಳಲ್ಲಿ ಲಾರಿಗಳು ನಿಲ್ಲಲಿಲ್ಲ, ಕಪಾಟುಗಳು ಬರಿದಾಗಲಿಲ್ಲ, ಗಿರಾಕಿಗಳು ಎಂದಿನ ಬೆಲೆಗೆ ಎಂದಿನ ಸರಕನ್ನು ಕೊಳ್ಳುತ್ತ ಬಂದರು.